ಸ್ಟಾಂಫರ್ಡ್ ಪಟ್ಟಣವೂ ಬರ್ಲೀ ಮನೆತನವೂ

ಇಂಗ್ಲೆಂಡಿನ ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕಗಳು, ಯುದ್ಧಗಳು, ಪಾರ್ಲಿಮೆಂಟಿನ ವಾಗ್ವಾದಗಳು, ಇಷ್ಟೇ ಎಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಪಾಠಪುಸ್ತಕಗಳು ಬರೆಯಲ್ಪಟ್ಟ ರೀತಿಯೇ ಇದಕ್ಕೆ ಕಾರಣ. ಆದರೆ ಆ ದೇಶದ ಜನಜೀವನದ ನಾಡಿಯನ್ನು ಹಿಡಿದು ನೋಡಬೇಕಾದರೆ ಲಂಡನ್ ನಗರವನ್ನು ಬಿಟ್ಟು, ವಾರಕ್ಕೊಮ್ಮೆ ಸಂತೆ ಕೂಡುವ ಮಧ್ಯಮ ಗಾತ್ರದ ಪೇಟೆಗಳ ಕಡೆಗೆ ತಿರುಗಬೇಕು. ಸುತ್ತಲಿನ ಹಳ್ಳಿಗಳ ಧಾನ್ಯವೂ ದನವೂ ಅಲ್ಲಿಗೆ ಬರುವುವು. ಅಲ್ಲಿಂದ ಬಟ್ಟೆ, ಕಬ್ಬಿಣ, ಔಷಧ, ವರ್ತಮಾನಪತ್ರಿಕೆ ಇವು ಹಳ್ಳಿಗಳಿಗೆ ಹೋಗುವುವು. ವ್ಯಾಜ್ಯಗಳು ತೀರುವುದೂ ಸಂಬಂಧಗಳು ಕುದುರುವುದೂ ಅಲ್ಲಿಯೇ. ಇಂಥ ಪೇಟೆಗಳ ಪೈಕಿ ಸ್ಟಾಂಫರ್ಡ್ ಎಂಬುದು ವಿಶೇಷವಾಗಿ ವಿಚಾರಿಸತಕ್ಕದ್ದು. ಇಂದು ಅದನ್ನು ನೋಡಹೋದವರೆಲ್ಲರೂ ಅದರ ಸೌಂದರ್ಯವನ್ನು ಹೊಗಳುತ್ತಾರೆ. ಆ ಸೌಂದರ್ಯವು ಹೇಗೆ ಉಳಿಯಿತು, ಅದಕ್ಕೆ ಊರವರು ತೆತ್ತ ಬೆಲೆ ಎಷ್ಟು ಎಂಬುದನ್ನು ಕೇಳುವವರು ಕಡಮೆ.

ಲಂಡನ್ನಿಗೆ ಉತ್ತರದಲ್ಲಿ ಸುಮಾರು ೯೦ ಮೈಲಿ ದೂರದಲ್ಲಿ, ಲಿಂಕನ್‌ಷೈರ್ ಪ್ರಾಂತದ ನೈರುತ್ಯ ಮೂಲೆಯಲ್ಲಿ, ವೆಲೆಂಡ್ ಎಂಬ ಚಿಕ್ಕ ನದಿಯ ದಡದಲ್ಲಿ ಈ ಪಟ್ಟಣವಿದೆ. ಹೊಳೆಯನ್ನು ಕಾಲ್ನಡೆಯಿಂದ ದಾಟಲು ಅನುಕೂಲವಾದ ಕಲ್ಲುನೆಲದ ಸ್ಥಳವೆಂದು ಅದರ ಹೆಸರಿಗೆ ಅರ್ಥ. ಕಲ್ಲೆಂಬುದು ಹೆಸರಿನಲ್ಲಿ ಮಾತ್ರವಲ್ಲ, ಊರೆಲ್ಲ ಕಲ್ಲೇ. ಬಾರ್ನಾಕ್, ಕೆಟ್ಟನ್ ಮೊದಲಾದ ನೆರೆಯ ಗಣಿಗಳ ಸುಣ್ಣಕಲ್ಲು ಗೋಡೆಗಳಿಗೂ, ಕಾಲಿವೆಸ್ಟನ್ ಎಂಬ ಹಳ್ಳಿಯ ತೆಳುಹಾಸುಗಲ್ಲು ಮಾಡುಗಳಿಗೂ ಬಂದುದರಿಂದ ಬೀದಿಬೀದಿಯೂ ಒಂದೇ ಬಣ್ಣದಿಂದ, ಸಂಜೆಯ ಬಿಸಿಲಿನಲ್ಲಿ ಜೇನಿನಂತೆ, ತೋರುತ್ತದೆ.

ಡೇನರು ಪೂರ್ವ ಇಂಗ್ಲೆಂಡನ್ನು ಆಳುತ್ತಿದ್ದ ಕಾಲದಲ್ಲಿ ಅವರ ಐದು ಮುಖ್ಯ ಪಟ್ಟಣಗಳಲ್ಲಿ ಸ್ಟಾಂಫರ್ಡ್ ಒಂದಾಗಿತ್ತು. ಉಳಿದ ನಾಲ್ಕು ಲಿಂಕನ್, ಲೀಸ್ಟರ್, ನಾಟಿಂಗ್‌ಹ್ಯಾಮ್, ಡರ್ಬಿ. ಈ ನಾಲ್ಕೂ ಮುಂದೆ ತಮ್ಮ ತಮ್ಮ ಪ್ರಾಂತಗಳಿಗೆ ಮುಖ್ಯಸ್ಥಳಗಳಾಗಿ ದೊಡ್ಡ ನಗರಗಳಾದುವು. ಸ್ಟಾಂಫರ್ಡಿನ ಹೆಸರಿನಲ್ಲಿ ಪ್ರಾಂತವೇ ಏರ್ಪಡಲಿಲ್ಲ. ಹೀಗೆ ಜೊತೆಯವರು ಮುಂದೆ ಹೋಗಿ ತಾನು ಹಿಂದುಳಿಯುವ ಯೋಗವು ಆ ಪಟ್ಟಣಕ್ಕೆ ಆಗಲೇ ಒದಗಿತ್ತೆನ್ನಬಹುದು. ಆದರೂ ಮಧ್ಯಯುಗದಲ್ಲಿ ಅದರ ಐಶ್ವರ್ಯಕ್ಕೆ ಕೊರತೆಯಿರಲಿಲ್ಲ. ಕುರಿಯ ಉಣ್ಣೆಯೂ ಉಣ್ಣೆಯ ಬಟ್ಟೆಯೂ ಅದಕ್ಕೆ ಹಣ ತಂದುವು. ಹದಿನಾಲ್ಕರಷ್ಟು ಕ್ರೈಸ್ತ ದೇವಾಲಯಗಳು ಆ ಸಣ್ಣ ಊರಿನೊಳಗೇ ಇದ್ದುವು. ಅವುಗಳಲ್ಲಿ ಐದು ಈಗಲೂ ನಿಂತಿವೆ.

೧೩೩೩ರಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ಉತ್ತರದೇಶದ ವಿದ್ಯಾರ್ಥಿಗಳಿಗೂ ದಕ್ಷಿಣದವರಿಗೂ ಜಗಳ ಹತ್ತಿ, ಉತ್ತರದವರಲ್ಲಿ ಒಂದು ಗುಂಪು ಗುರುಗಳ ಸಮೇತ ಹೊರಟು ಸ್ಟಾಂಫರ್ಡಿಗೆ ಬಂದು ಅಲ್ಲಿಯೇ ಪಾಠಪ್ರವಚನಗಳನ್ನು ಪ್ರಾರಂಭಿಸಿತು. ತನಗೆ ಪ್ರತಿಸ್ಪರ್ಧಿಯೊಂದು ಹುಟ್ಟೀತೆಂದು ಆಕ್ಸ್‌ಫರ್ಡ್ ಗಾಬರಿಗೊಂಡು ಮೂರನೆಯ ಎಡ್ವರ್ಡ್ ಅರಸನಲ್ಲಿ ಮೊರೆಯಿಟ್ಟಿತು. ೧೩೩೫ರ ವೇಳೆಗೆ ಅರಸನ ಅಪ್ಪಣೆಯಂತೆ ಅವರೆಲ್ಲರನ್ನೂ ಚದುರಿಸಿದರು. ಇಷ್ಟಕ್ಕೇ ಆ ವಿದ್ವಾಂಸರಿಗೆ ಸಮಾಧಾನವಾಗಲಿಲ್ಲ. ಆಕ್ಸ್‌ಫರ್ಡಿನಲ್ಲಿ ಪದವಿ ಪಡೆಯುವವರು ಸ್ಟಾಂಫರ್ಡಿನಲ್ಲಿ ಎಂದಿಗೂ ಉಪನ್ಯಾಸ ಮಾಡುವುದಿಲ್ಲವೆಂದು ಪ್ರಮಾಣ ಮಾಡಬೇಕೆಂಬ ನಿಬಂಧನೆಯನ್ನು ಮಾಡಿ, ಅದನ್ನು ೧೮೨೭ರ ವರೆಗೂ ನಡೆಸಿಕೊಂಡು ಬಂದರು! ಕಾರಣವು ಮರೆತುಹೋಗಿ ನಾಲ್ಕೈದು ಶತಮಾನಗಳಾದರೂ ವಿಧಿಯು ಮಾತ್ರ ತಪ್ಪದೆ ನಡೆಯುತ್ತಿದ್ದುದನ್ನು ನೋಡಿದರೆ, ಸಂಪ್ರದಾಯಶರಣತೆಯು ಪೂರ್ವದೇಶದವರ ಸೊತ್ತೆಂದು ಹೇಳುವವರು ಸ್ವಲ್ಪ ಯೋಚಿಸಬೇಕಾಗುತ್ತದೆ. ಆ ವಿದ್ಯಾರ್ಥಿಗಳ ಕಾಲದ್ದೆನ್ನಲಾದ ಸಿಂಹಮುಖದ ಹಿತ್ತಾಳೆಯ ಬಾಗಿಲುಬಳೆಯೊಂದು ಸ್ಟಾಂಫರ್ಡಿನ ಒಂದು ಮನೆಯಲ್ಲಿತ್ತು. ಅದೊಂದಕ್ಕಾಗಿ ಆಕ್ಸ್‌ಫರ್ಡಿನ ಬ್ರೇಸನೋಸ್ ಕಾಲೇಜಿನವರು ೧೮೯೦ರಲ್ಲಿ ಇಡೀ ಮನೆಯನ್ನೇ ಕ್ರಯಕ್ಕೆ ತೆಗೆದುಕೊಂಡರು.

೧೪೬೨ರಲ್ಲಿ ನಾಲ್ಕನೆಯ ಎಡ್ವರ್ಡ್ ಅರಸನು ಸನದು ಕೊಟ್ಟು ಪಟ್ಟಣಕ್ಕೆ ಸ್ವಯಮಾಡಳಿತದ ಹಕ್ಕನ್ನು ದಯಪಾಲಿಸಿದನು. ಅದೇ ಕಾಲದಲ್ಲಿ ವಿಲಿಯಂ ಬ್ರೌನ್ ಎಂಬ ಉಣ್ಣೆಯ ವರ್ತಕನು ಊರಿಗೇ ಅಗ್ರಗಣ್ಯನಾಗಿದ್ದನು. ಫ್ರಾನ್ಸಿನ ಕರಾವಳಿಯ ಕ್ಯಾಲೇ ಬಂದರವು ಆಗ ಇಂಗ್ಲಿಷರ ವಶದಲ್ಲಿದ್ದು, ಅಲ್ಲಿಂದಲೇ ಉಣ್ಣೆಯು ಹೊರದೇಶಗಳಿಗೆ ಹೋಗುತ್ತಿತ್ತು. ಬ್ರೌನನು ಆ ವ್ಯಾಪಾರದಲ್ಲಿ ಗಳಿಸಿದ ಹಣದಿಂದ ಹತ್ತು ಮಂದಿ ಬಡ ವೃದ್ಧರಿಗೂ ಅವರನ್ನು ನೋಡಿಕೊಳ್ಳತಕ್ಕ ಇಬ್ಬರು ಬಡ ಸ್ತ್ರೀಯರಿಗೂ ಆಶ್ರಯವಾಗುವಂತೆ ಒಂದು ಧರ್ಮಶಾಲೆಯನ್ನು ಕಟ್ಟಿಸಿ ೧೪೮೯ರಲ್ಲಿ ತೀರಿಕೊಂಡನು. ಬೇರೆ ಬೇರೆ ದಾತರು ಕಟ್ಟಿಸಿದ ಇಂಥ ಆಶ್ರಯಗಳು ಆ ಊರಿನಲ್ಲಿ ಹಲವು ಇವೆ. ಅವುಗಳಿಗೆ ಸ್ಥಳದ ಜನರು ‘ಕ್ಯಾಲಿಸ್’ ಎಂದು ಹೇಳುವುದುಂಟು. ಕ್ಯಾಲೇ ಬಂದರಿನ ಹೆಸರೇ ಹಾಗೆ ಮಾರ್ಪಟ್ಟಿತೆಂದು ಪ್ರತೀತಿ. ಬಂದರು ೧೫೫೮ರಲ್ಲಿ ಫ್ರೆಂಚರ ಪಾಲಾಯಿತು. ಅದರ ಹೆಸರು ಮಾತ್ರ ವೃದ್ಧರ ಮನೆಗಳಲ್ಲಿ ಉಳಿದುಕೊಂಡಿತು. ಬ್ರೌನನ ಧರ್ಮಶಾಲೆಯು ಇಂದಿಗೂ ವೃದ್ಧರಿಗೆ ಆಶ್ರಯವಾಗಿದೆ. ೧೫೩೨ರಲ್ಲಿ ವಿಲಿಯಂ ರ‍್ಯಾಡ್‌ಕ್ಲಿಫ್ ಎಂಬಾತನು ಸ್ಥಾಪಿಸಿದ ಪಾಠಶಾಲೆಯೂ ನಡೆಯುತ್ತಿದೆ.

ಇನ್ನು ಪಟ್ಟಣದ ಭಾಗ್ಯವನ್ನೂ ದುರ್ಭಾಗ್ಯವನ್ನೂ ಒಂದೇ ಕೈಯಲ್ಲಿ ಹಿಡಿದ ಮನೆತನದ ವಿಷಯ. ಸೆಸಿಲ್ ವಂಶದ ಡೇವಿಡ್ ಎಂಬಾತನು ಹದಿನೈದನೆಯ ಶತಮಾನದ ಕೊನೆಗೆ ಸ್ಟಾಂಫರ್ಡಿನಲ್ಲಿ ನೆಲೆನಿಂತನು. ಅವನ ಮೊಮ್ಮಗನೇ ಎಲಿಜಬೆತ್ ರಾಣಿಗೆ ನಾಲ್ವತ್ತು ವರ್ಷ ಮಂತ್ರಿಯಾಗಿದ್ದ ವಿಲಿಯಂ ಸೆಸಿಲ್, ಅಂದರೆ ಬರ್ಲೀ ಪ್ರಭು. ಪಟ್ಟಣಕ್ಕೆ ಒಂದು ಮೈಲಿಯಷ್ಟು ದೂರದಲ್ಲಿ ೧೫೫೫ರಿಂದ ೧೫೮೭ರ ವರೆಗೆ ಅವನು ಕಟ್ಟಿಸಿದ ಬರ್ಲೀ ಅರಮನೆಯು ಆ ಕಾಲದ ಶಿಲ್ಪಕ್ಕೆ ಮಾದರಿಯಾಗಿದೆ. ರ‍್ಯಾಡ್‌ಕ್ಲಿಫನ ಪಾಠಶಾಲೆಯ ಆಸ್ತಿ ಕರಗಿಹೋಗದಂತೆ ೧೫೪೯ರಲ್ಲಿ ಪಾರ್ಲಿಮೆಂಟಿನ ಶಾಸನವಾದುದು ಅವನ ಪ್ರಯತ್ನದಿಂದಲೇ. ೧೫೯೮ರಲ್ಲಿ ಮೃತನಾದ ಮೇಲೆ ಅವನನ್ನು ಪಟ್ಟಣದ ಸೇಂಟ್ ಮಾರ್ಟಿನ್ ದೇವಾಲಯದಲ್ಲಿ ಸಮಾಧಿ ಮಾಡಿದರು. ಅವನ ವಂಶಸ್ಥರು ಎಕ್ಸೆಟರ್ ಎಂಬ ಬಿರುದನ್ನು ಪಡೆದು ಮೊದಲು ಅರ್ಲರೂ, ೧೮೦೧ರಿಂದ ಮಾರ್ಕ್ವಿಸರೂ ಆದರು. ಊರಿನ ಮನೆಗಳನ್ನೂ ಅಂಗಡಿಗಳನ್ನೂ ಸುತ್ತಲ ಹೊಲಗಳನ್ನೂ ಒಂದೊಂದಾಗಿ ಅವರು ಕೊಂಡುಕೊಳ್ಳುತ್ತ ಹೋದರು.

ಹದಿನೆಂಟನೆಯ ಶತಮಾನದಲ್ಲಿ ಪಟ್ಟಣದ ಎರಡನೆಯ ಉತ್ಕರ್ಷವಾಯಿತು. ಲಂಡನ್ನಿನಿಂದ ಯಾರ್ಕ್, ಎಡಿನ್‌ಬರೋಗಳಿಗೆ ಹೋಗುವ ಉತ್ತರದ ಹೆದ್ದಾರಿಯು ಊರಿನ ನಡುವೆಯೇ ಹಾಯುತ್ತಿದ್ದುದರಿಂದ ಕುದುರೆಗಾಡಿಗಳ ಸಂಚಾರ ಹಗಲಿರುಳೂ ಇರುತ್ತಿತ್ತು. ‘ಜಾರ್ಜ್’ ಎಂಬ ಹೆಸರಿನ ದೊಡ್ಡ ವಸತಿಗೃಹದಲ್ಲಿ ‘ಲಂಡನ್’ ಎಂದು ಒಂದು ಕೋಣೆಗೂ ‘ಯಾರ್ಕ್’ ಎಂದು ಎದುರಿನದಕ್ಕೂ ಬರೆದಿದ್ದರು. ತೆಂಕಲಿಗೆ ಹೋಗುವವರು ಒಂದರಲ್ಲಿ, ಬಡಗಲಿಗೆ ಹೋಗುವವರು ಇನ್ನೊಂದರಲ್ಲಿ ಗಾಡಿಗಾಗಿ ಕಾಯುತ್ತಿದ್ದರು. ಅದರ ಹೆಸರುಹಲಗೆಯನ್ನು ಹೊತ್ತ ತೊಲೆಯು ರಸ್ತೆಗೆ ಅಡ್ಡಲಾಗಿ ತೋರಣದಂತೆ ಈಗಲೂ ಇದೆ. ನೃತ್ಯಗೋಷ್ಠಿಗಳಿಗೆ ಸಭಾಮಂದಿರ, ೧೭೬೮ರ ಸುಮಾರಿಗೆ ನಾಟಕಶಾಲೆ, ೧೭೭೯ರಲ್ಲಿ ಹೊಸ ಪುರಭವನ, ಹೀಗೆ ಕಟ್ಟಡಗಳೆದ್ದುವು.

ಇವೆಲ್ಲಕ್ಕಿಂತ ಹೆಚ್ಚು ದೂರ ಪಟ್ಟಣದ ಹೆಸರನ್ನು ಒಯ್ದದ್ದು ‘ಸ್ಟಾಂಫರ್ಡ್ ಮರ್ಕ್ಯುರಿ’ ಎಂಬ ವಾರಪತ್ರಿಕೆ. ಅದು ೧೬೯೫ರಲ್ಲಿ ಸ್ಥಾಪಿತವಾಯಿತೆಂದು ಬಹುಕಾಲ ಅದರ ಶಿರೋಭಾಗದಲ್ಲಿಯೇ ಅಚ್ಚಾಗುತ್ತಿತ್ತು. ಸಂಶೋಧಕರ ಅಭಿಪ್ರಾಯದಂತೆ ಅದರ ಜನನವು ೧೭೧೦ರ ದಶಕದಲ್ಲಿ. ಹೀಗಿದ್ದರೂ ಇಂಗ್ಲೆಂಡಿನಲ್ಲಿ ಇಂದಿಗೂ ಹೊರಡುತ್ತಿರುವ ಪತ್ರಿಕೆಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಅದು ಸೇರುತ್ತದೆ. ೧೭೧೨ರಲ್ಲಿ ಸರಕಾರದವರು ವರ್ತಮಾನಪತ್ರಿಕೆಗಳ ಮೇಲೆ ಮುದ್ರೆಸುಂಕವನ್ನು ಹೇರಿದರು. ಆದರೆ ಶಾಸನದ ಮಾತುಗಳು ಒಂದು ಹಾಳೆಯ ಮತ್ತು ಅರ್ಧ ಹಾಳೆಯ ಪತ್ರಿಕೆಗಳಿಗೆ ಮಾತ್ರ ಅನ್ವಯಿಸುವಂತಿದ್ದುವು. ಊರುಗಳ ಮುದ್ರಕರು ಒಂದೂವರೆ ಹಾಳೆಯನ್ನು ಮಡಿಸಿ ಹನ್ನೆರಡು ಪುಟದ ಪುಸ್ತಿಕೆಯನ್ನಾಗಿ ಮಾಡಿ, ‘ಇದು ಪತ್ರಿಕೆಯಲ್ಲ, ಪುಸ್ತಿಕೆ’ ಎಂದು ತಪ್ಪಿಸಿಕೊಂಡರು. ಆ ಕಂಡಿಯನ್ನು ಮುಚ್ಚಲು ಸರಕಾರಕ್ಕೆ ೧೭೨೫ರ ವರೆಗೂ ಆಗಲಿಲ್ಲ. ಸುಂಕವು ಏರುತ್ತ ಹೋಗಿ ೧೮೧೫ರಲ್ಲಿ ಪ್ರತಿಯೊಂದಕ್ಕೆ ನಾಲ್ಕು ಪೆನ್ನಿಯಾಯಿತು. ೧೮೩೬ರಲ್ಲಿ ಒಂದು ಪೆನ್ನಿಗೆ ಇಳಿಯಿತು. ೧೮೫೫ರಲ್ಲಿ ಪೂರ್ತಿಯಾಗಿ ರದ್ದಾಯಿತು. ಬೆಲೆ ಹೀಗೆ ದುಬಾರಿಯಾಗಿದ್ದ ಕಾಲದಲ್ಲಿ ಒಂದು ಪ್ರತಿಯನ್ನು ಹತ್ತು ಜನ ಓದುವುದೂ, ಓದಬಲ್ಲವನು ಓದಿ ಹೇಳುವುದೂ ವಾಡಿಕೆಯಾಗಿತ್ತು.

ಅಂಥ ಪತ್ರಿಕೆಗಳಲ್ಲಿ ಊರಿನ ಸುದ್ದಿ ಮೊದಮೊದಲು ಬಹಳ ಕಡಮೆ. ಲಂಡನ್ನಿನ ಪತ್ರಿಕೆಗಳಿಂದ ಎತ್ತಿಕೊಂಡ ದೇಶವಿದೇಶಗಳ ವಾರ್ತೆಯೇ ಹೆಚ್ಚು. ಊರಿನ ಸಂಗತಿ ಊರವರಿಗೆ ಬಾಯಿಂದ ಬಾಯಿಗೆ ಹೇಗೂ ತಿಳಿಯುವುದಷ್ಟೆ. ಊರು ಕಾಣಿಸುತ್ತಿದ್ದುದು ಜಾಹೀರಾತುಗಳಲ್ಲಿ: ಗೋಧಿ ಜವೆಗಳ ಧಾರಣೆ, ಹರಾಜು, ತಪ್ಪಿಸಿಕೊಂಡ ಕುದುರೆ, ಓಡಿಹೋದ ಕೆಲಸದ ಹುಡುಗ, ಗಾಡಿಗಳು ಹೊರಡುವ ವೇಳೆ. ಜನಜೀವನದ ಚರಿತ್ರೆಯನ್ನು ಬರೆಯುವವರಿಗೆ ಸಂಪಾದಕೀಯಗಳಿಗಿಂತ ಈ ಜಾಹೀರಾತುಗಳೇ ಹೆಚ್ಚಿನ ನಿಧಿಯಾಗಿವೆ.

ಪ್ರಸಂಗವಶಾತ್ ಒಂದು ಮಾತು. ಲೀಸ್ಟರಿನ ಡೇನಿಯಲ್ ಲ್ಯಾಂಬರ್ಟ್ ಎಂಬವನು ತನ್ನ ದೇಹದ ಸ್ಥೌಲ್ಯದಿಂದಲೇ ದೇಶಪ್ರಸಿದ್ಧನಾಗಿದ್ದನು. ಅವನ ತೂಕ ೭೩೯ ಪೌಂಡು. ೧೮೦೯ರ ಜೂನ್ ತಿಂಗಳಿನಲ್ಲಿ ಅವನು ಸ್ಟಾಂಫರ್ಡಿಗೆ ಬಂದು ಒಂದು ವಸತಿಗೃಹದಲ್ಲಿ ಇಳಿದನು. ತನ್ನ ದರ್ಶನದ ವಿಷಯವಾಗಿ ಕರಪತ್ರ ಮುದ್ರಿಸಬೇಕಾಗಿದ್ದಿತು. ಬೆಟ್ಟವು ನಡೆದುಬರಲಾರದಾದುದರಿಂದ ಮುದ್ರಕರೇ ಬೆಟ್ಟದ ಬಳಿಗೆ ಬರಬೇಕೆಂದು ಪರಿಹಾಸವಾಗಿ ಮರ್ಕ್ಯುರಿ ಕಚೇರಿಗೆ ಹೇಳಿಕಳುಹಿಸಿದನು. ಮುದ್ರಕನು ಹೋಗಿ ಕೆಲಸ ಹಿಡಿದುಕೊಂಡು ಬಂದನು. ಮರುದಿನ ಬೆಳಿಗ್ಗೆ ಲ್ಯಾಂಬರ್ಟನು ತೀರಿಕೊಂಡನು. ಶವವನ್ನು ಹೊರತರುವುದಕ್ಕೆ ಕಿಟಕಿಯನ್ನೂ ಗೋಡೆಯನ್ನೂ ಒಡೆಯಬೇಕಾಯಿತು. ಸೇಂಟ್ ಮಾರ್ಟಿನ್ ದೇವಾಲಯದ ಶ್ಮಶಾನದಲ್ಲಿ ಅವನ ಸಮಾಧಿಯಿದೆ.

ಅದೇ ೧೮೦೯ರಲ್ಲಿ ಜಾನ್ ಡ್ರೇಕಾರ್ಡ್ ಎಂಬ ಪುಸ್ತಕವ್ಯಾಪಾರಿಯು ಇನ್ನೊಂದು ಪತ್ರಿಕೆಯನ್ನು ಹೊರಡಿಸಿದನು. ಇದು ಬರ್ಲೀ ಅರಮನೆಗೂ ಸರಕಾರಕ್ಕೂ ಅಂಜದೆ ಬರೆಯತೊಡಗಿತು. ೧೮೧೦ರಲ್ಲಿ ಸೈನಿಕರಿಗೆ ಕೊಡುತ್ತಿದ್ದ ಚಾವಟಿಯ ಶಿಕ್ಷೆಯನ್ನು ಖಂಡಿಸಿ ಅದರಲ್ಲಿ ಒಂದು ಲೇಖನ ಬಂದಿತು. ‘ಸಾವಿರ ಏಟುಗಳು’ ಎಂದು ಅದರ ಶಿರೋನಾಮೆ; ಬರೆದವನು ಜಾನ್ ಸ್ಕಾಟ್ ಎಂಬ ಸಂಪಾದಕ. ಲಂಡನ್ನಿನ ‘ಎಗ್ಸಾಮಿನರ್’ ಪತ್ರಿಕೆಯ ಹಂಟ್ ಸಹೋದರರು ಅದರ ಬಹುಭಾಗವನ್ನು ಎತ್ತಿ ಅಚ್ಚುಹಾಕಿದರು. ಸರಕಾರದವರು ಇಬ್ಬರ ಮೇಲೂ ಮೊಕದ್ದಮೆ ಹೂಡಿದರು. ಎರಡರಲ್ಲಿಯೂ ಪ್ರತಿವಾದಿಗಳ ಪರವಾಗಿ ವಾದಿಸಿದವನು ಮುಂದೆ ಮಹಾನ್ಯಾಯಾಧಿಪತಿಯಾದ ಬ್ರೂಯಮ್. ೧೮೧೧ರ ಫೆಬ್ರವರಿಯಲ್ಲಿ ಲಂಡನ್ನಿನ ಪಂಚರು ಹಂಟ್ ಸಹೋದರರನ್ನು ನಿರ್ದೋಷಿಗಳೆಂದರು. ಮಾರ್ಚಿಯಲ್ಲಿ ಲಿಂಕನ್ನಿನ ಪಂಚರು ಡ್ರೇಕಾರ್ಡನನ್ನು ದೋಷಿಯೆಂದರು. ಲೇಖನ ಒಂದೇ, ವಕೀಲ ಒಬ್ಬನೇ, ಕಾಯಿದೆಯೂ ಒಂದೇ. ರಾಜಧಾನಿಯಲ್ಲಿ ಅಪರಾಧವಲ್ಲದ್ದು ಪ್ರಾಂತದಲ್ಲಿ ಅಪರಾಧವಾಯಿತು! ಡ್ರೇಕಾರ್ಡನಿಗೆ ಹದಿನೆಂಟು ತಿಂಗಳ ಸೆರೆಯೂ ೨೦೦ ಪೌಂಡು ದಂಡವೂ ವಿಧಿಸಲ್ಪಟ್ಟುವು. ಅವನು ಸೆರೆಮನೆಯಿಂದ ಬಂದಮೇಲೂ ಲೇಖನಿಯನ್ನು ಕೆಳಗಿಡಲಿಲ್ಲ. ೧೮೨೨ರಲ್ಲಿ ಪಟ್ಟಣದ ಚರಿತ್ರೆಯೊಂದನ್ನು ಪ್ರಕಟಿಸಿದನು. ಸಣ್ಣ ಊರಿನಲ್ಲಿ ಇದ್ದುಕೊಂಡು ದೊಡ್ಡವರ ವಿಷಯ ಬರೆಯುವವನ ಕಷ್ಟವೇನೆಂಬುದು ಇವನ ವೃತ್ತಾಂತದಿಂದ ಚೆನ್ನಾಗಿ ತಿಳಿಯುತ್ತದೆ. ಲಂಡನ್ನಿನಲ್ಲಿ ಪತ್ರಿಕೆಯವನು ಜನಸಮುದ್ರದಲ್ಲಿ ಒಬ್ಬ. ಇಲ್ಲಿಯಾದರೋ ಅವನ ಗಿರಾಕಿಗಳೆಲ್ಲರೂ ಅರಮನೆಯ ಬಾಡಿಗೆದಾರರು.

ಈ ಬಾಡಿಗೆಯ ಸಂಗತಿಯೇ ಇಡೀ ಚರಿತ್ರೆಯ ಮರ್ಮ. ಸ್ಟಾಂಫರ್ಡಿನಿಂದ ಪಾರ್ಲಿಮೆಂಟಿಗೆ ಇಬ್ಬರು ಪ್ರತಿನಿಧಿಗಳು ಹೋಗಬೇಕು. ಮನೆಯಿದ್ದು ಪಟ್ಟಣದ ತೆರಿಗೆ ಕೊಡುವವರಿಗೆ ಮತದ ಹಕ್ಕಿತ್ತು. ಮತವನ್ನು ಬಹಿರಂಗವಾಗಿ, ಎಲ್ಲರ ಕಿವಿಗೂ ಬೀಳುವಂತೆ ಹೇಳಬೇಕಾಗಿತ್ತು. ಆದುದರಿಂದ ಮನೆಯ ಒಡೆಯನು ಯಾರೋ ಮತದ ಒಡೆಯನೂ ಅವನೇ. ೧೮೩೦ರ ಚುನಾವಣೆಯಲ್ಲಿ ಎಕ್ಸೆಟರ್ ಮಾರ್ಕ್ವಿಸನ ಅಭ್ಯರ್ಥಿಗಳಿಗೆ ವಿರೋಧವಾಗಿ ಮತವಿತ್ತ ಬಾಡಿಗೆದಾರರಿಗೆ ಮನೆ ಬಿಡಬೇಕೆಂದು ತಿಳಿವಳಿಕೆ ಪತ್ರಗಳು ಬಂದುವು. ಆದರೂ ೧೮೩೧ರಲ್ಲಿ, ಸುಧಾರಣೆಯ ಗಾಳಿ ದೇಶದಲ್ಲೆಲ್ಲ ಬೀಸುತ್ತಿದ್ದಾಗ, ಊರವರು ಕವಿ ಟೆನಿಸನ್ನನ ಚಿಕ್ಕಪ್ಪನಾದ ಚಾರ್ಲ್ಸ್ ಟೆನಿಸನ್ನನನ್ನು ಆರಿಸಿ ಕಳುಹಿಸಿದರು. ಅರಮನೆಯ ಪಕ್ಷದಿಂದ ಆರಿಸಲ್ಪಟ್ಟ ಮಾರ್ಕ್ವಿಸನ ತಮ್ಮ ಟಾಮಸ್ ಸೆಸಿಲ್ ಪ್ರಭುವಿಗೂ ಈತನಿಗೂ ಮಾತಿಗೆ ಮಾತು ಬೆಳೆದು, ಅದೇ ವರ್ಷ ಇಬ್ಬರೂ ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಮಾಡಿದರು. ದೈವಕೃಪೆಯಿಂದ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ೧೮೩೨ರ ಸುಧಾರಣಾ ಶಾಸನವು ಜನಪಕ್ಷಕ್ಕೆ ಬಲ ತರಬೇಕಾಗಿತ್ತು. ಇಲ್ಲಿ ಅದರ ಪರಿಣಾಮ ವಿಪರೀತವಾಯಿತು. ಹೊಳೆಯ ಆಚೆಗೆ, ಮಾರ್ಕ್ವಿಸನ ಸೊತ್ತೇ ಹೆಚ್ಚಾಗಿದ್ದ ಸೇಂಟ್ ಮಾರ್ಟಿನ್ ಭಾಗವನ್ನೂ ಕ್ಷೇತ್ರಕ್ಕೆ ಸೇರಿಸಿದುದರಿಂದ ಅರಮನೆಯ ಹಿಡಿತ ಮೊದಲಿಗಿಂತ ಬಿಗಿಯಾಯಿತು. ಮುಂದೆ ಪ್ರಧಾನ ಮಂತ್ರಿಯಾಗಿ ಸಾಲ್ಸ್‌ಬರಿ ಮಾರ್ಕ್ವಿಸನೆಂದು ಖ್ಯಾತನಾದ ರಾಬರ್ಟ್ ಸೆಸಿಲನು, ಅದೇ ವಂಶದ ಇನ್ನೊಂದು ಶಾಖೆಯವನು, ೧೮೫೩ರಿಂದ ೧೮೬೮ರ ವರೆಗೆ ಈ ಪಟ್ಟಣದ ಪ್ರತಿನಿಧಿಯಾಗಿದ್ದನು.

ಇದರ ನಡುವೆ ಊರಿನ ಗೂಳಿಯೋಟವು ನಿಂತ ಕಥೆಯನ್ನು ಹೇಳತಕ್ಕದ್ದಿದೆ. ಪ್ರತಿವರ್ಷ ನವೆಂಬರ್ ೧೩ರಂದು ದೇವಾಲಯದ ಗಂಟೆ ಬಾರಿಸುತ್ತಲೇ ಅಂಗಡಿಗಳನ್ನು ಮುಚ್ಚಿ, ಬಂಡಿಗಳನ್ನೂ ಪೀಪಾಯಿಗಳನ್ನೂ ಅಡ್ಡವಿಟ್ಟು ಬೀದಿಗಳ ಬಾಯಿ ಕಟ್ಟಿ, ಒಂದು ಗೂಳಿಯನ್ನು ಬಿಡುತ್ತಿದ್ದರು. ನೂರಾರು ಜನರು ಕೂಗುತ್ತ ಅದನ್ನು ಬೆದರಿಸಿ ಓಡಿಸುವರು. ಕೊನೆಗೆ ಸೇತುವೆಯ ಮೇಲೆ ಅದನ್ನು ಹಿಡಿದೆತ್ತಿ ಹೊಳೆಗೆ ತಳ್ಳಿದರೆ ಅದೇ ಪೌರುಷ. ಅನಂತರ ಅದನ್ನು ಕೊಂದು ಮಾಂಸವನ್ನು ಹಂಚಿಕೊಳ್ಳುವರು. ಜಾನ್ ಅರಸನ ಕಾಲದಲ್ಲಿ ವಾರೆನ್ ಎಂಬ ಪ್ರಭುವು ಕೋಟೆಯಿಂದ ನೋಡುತ್ತಿದ್ದಾಗ ಹುಲ್ಲುಗಾವಲಿನಲ್ಲಿ ಎರಡು ಗೂಳಿಗಳು ಕಾದಾಡಿ, ಕಟುಕರ ನಾಯಿಗಳು ಒಂದನ್ನು ಊರೊಳಗೆ ಅಟ್ಟಿಕೊಂಡು ಬಂದುವೆಂದೂ, ಆ ವಿನೋದದಿಂದ ಪ್ರಭುವು ಸಂತೋಷಪಟ್ಟು, ವರ್ಷಕ್ಕೊಂದು ಗೂಳಿಯನ್ನು ಒದಗಿಸಬೇಕೆಂಬ ಷರತ್ತಿನಿಂದ ಗಾವಲನ್ನು ಕಟುಕರಿಗೆ ಬಿಟ್ಟುಕೊಟ್ಟನೆಂದೂ ಐತಿಹ್ಯ. ಅದು ಸತ್ಯವೋ ಕಟ್ಟುಕಥೆಯೋ, ಜನರು ಅದನ್ನೇ ತಮ್ಮ ಶಾಸನವೆಂದು ಎಣಿಸಿದರು.

ಆ ಆಟದ ಕ್ರೌರ್ಯವನ್ನು ಯಾವ ಮಾತಿನಿಂದಲೂ ಮುಚ್ಚಲಾಗದು. ಬಾಯಿಲ್ಲದ ಪ್ರಾಣಿಯನ್ನು ದಿನವೆಲ್ಲ ಹಿಂಸಿಸುವುದಕ್ಕೆ ಪ್ರಾಚೀನತೆಯು ಸಮರ್ಥನೆಯಾಗಲಾರದು. ಆದರೆ ಜನರು ಅದನ್ನು ಅಷ್ಟು ಹಟದಿಂದ ಹಿಡಿದುಕೊಂಡದ್ದೇಕೆ ಎಂಬುದನ್ನೂ ತಿಳಿಯಬೇಕು. ೧೭೮೮-೮೯ರಲ್ಲಿ ಅದನ್ನು ನಿಲ್ಲಿಸಲು ನಗರಾಧ್ಯಕ್ಷನೊಡನೆ ಮುಂದೆ ಬಂದವನು ಬರ್ಲೀ ಅರಮನೆಯ ಒಡೆಯನೇ. ಕುದುರೆಪಡೆಯನ್ನು ಕರೆಸಿದರೂ ಜನ ಬಗ್ಗಲಿಲ್ಲ. ಮನೆ ಅವನದು, ಮತ ಅವನದು. ವರ್ಷದಲ್ಲಿ ಒಂದು ದಿನವಾದರೂ ಬೀದಿ ತಮ್ಮದಾಗಿರಲೆಂಬ ಛಲವು ಆ ಬಡವರಲ್ಲಿ ಇದ್ದಿರಬೇಕು. ಪ್ರಾಣಿಹಿಂಸಾ ನಿವಾರಣ ಸಂಘವು ೧೮೨೪ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಗಿತ್ತು. ೧೮೩೫ರಲ್ಲಿ ಗೂಳಿಗಳನ್ನು ಕಟ್ಟಿ ನಾಯಿಗಳನ್ನು ಛೂಬಿಡುವುದೇ ಮೊದಲಾದ ಆಟಗಳನ್ನು ನಿಷೇಧಿಸುವ ಶಾಸನವೂ ಆಯಿತು. ತಮ್ಮದು ಕಟ್ಟುವ ಆಟವಲ್ಲ, ಓಡಿಸುವ ಆಟವೆಂದು ಸ್ಟಾಂಫರ್ಡಿನವರು ವಾದಿಸಿದರು! ಸಂಘದವರು ಮೊಕದ್ದಮೆ ಹೂಡಿದರು. ೧೮೩೭ರಲ್ಲಿ ಲಿಂಕನ್ ನ್ಯಾಯಸ್ಥಾನದಲ್ಲಿ ಕೆಲವರು ದಂಗೆಯ ಅಪರಾಧಿಗಳೆಂದು ತೀರ್ಪಾಯಿತು. ಅದೇ ನವೆಂಬರಿನಲ್ಲಿ ಗೂಳಿ ಮತ್ತೆ ಓಡಿತು. ೧೮೩೮ರಲ್ಲಿಯೂ ೧೮೩೯ರಲ್ಲಿಯೂ ಕುದುರೆಪಡೆಯನ್ನೂ ಲಂಡನ್ನಿನ ಪೋಲೀಸರನ್ನೂ ತಂದು ನಿಲ್ಲಿಸಿದರು. ಆಗಲೂ ಎಲ್ಲಿಂದಲೋ ಗೂಳಿ ನುಸುಳಿ ಬಂದೇ ಬಂದಿತು.

ಕಡೆಗೆ ಅದನ್ನು ನಿಲ್ಲಿಸಿದ್ದು ಧರ್ಮೋಪದೇಶವೂ ಅಲ್ಲ, ಖಡ್ಗವೂ ಅಲ್ಲ, ಲೆಕ್ಕದ ಪುಸ್ತಕ. ಪಡೆ ಪೋಲೀಸುಗಳ ವೆಚ್ಚವೆಲ್ಲ ಊರಿನ ತೆರಿಗೆದಾರರ ತಲೆಯ ಮೇಲೆ ಬಂದಿತು. ವರ್ಷ ವರ್ಷವೂ ಒಂದು ದಿನದ ಆಟಕ್ಕಾಗಿ ಇಷ್ಟು ಹಣ ತೆರಲು ವರ್ತಕರು ಸಿದ್ಧರಿರಲಿಲ್ಲ. ಪಡೆಯನ್ನು ಕಳುಹಿಸದಿದ್ದರೆ ತಾವೇ ಆಟವನ್ನು ನಿಲ್ಲಿಸುವುದಾಗಿ ೧೮೪೦ರಲ್ಲಿ ಊರವರು ಒಪ್ಪಿಕೊಂಡರು, ಹಾಗೆಯೇ ನಡೆದುಕೊಂಡರು. ೧೮೩೯ರದೇ ಕೊನೆಯ ಓಟ.

ಆ ಹೊತ್ತಿಗೆ ಉಗಿಬಂಡಿಯ ಯುಗವು ಬಂದಿತ್ತು. ಲಂಡನ್ನಿನಿಂದ ಯಾರ್ಕಿಗೆ ಮುಖ್ಯ ರೈಲುಮಾರ್ಗವನ್ನು ಹಾಕುವಾಗ, ಹಿಂದಿನ ಹೆದ್ದಾರಿಯಂತೆಯೇ ಅದೂ ತಮ್ಮ ಊರಿನ ಮೇಲೆ ಹಾಯಬೇಕೆಂದು ಸ್ಟಾಂಫರ್ಡಿನವರು ಬಯಸಿದರು. ಆದರೆ ಮಾರ್ಗವು ಅಲ್ಲಿಂದ ಹನ್ನೆರಡು ಮೈಲಿಯಷ್ಟು ಪೂರ್ವದಲ್ಲಿರುವ ಪೀಟರ್‌ಬರೋ ಪಟ್ಟಣದ ಮೇಲೆ ಹೋಯಿತು. ೧೮೫೦ರಲ್ಲಿ ಲಂಡನ್ನಿಗೂ ಪೀಟರ್‌ಬರೋವಿಗೂ, ೧೮೫೨ರಲ್ಲಿ ಅಲ್ಲಿಂದ ಉತ್ತರಕ್ಕೂ ಬಂಡಿಗಳು ಓಡಿದುವು. ಎರಡನೆಯ ಮಾರ್ಕ್ವಿಸನು ತನ್ನ ಉದ್ಯಾನದ ಶಾಂತಿ ಕೆಡುವುದೆಂದು ರೈಲನ್ನು ತಡೆದುಬಿಟ್ಟನೆಂಬ ದೂರು ಊರಿನಲ್ಲಿ ತಲೆಮಾರುಗಳಿಂದ ಕೇಳಿಬಂದಿದೆ. ಇದನ್ನು ಹಾಗೆಯೇ ನಂಬುವುದು ನ್ಯಾಯವಲ್ಲ. ಪೀಟರ್‌ಬರೋವಿನ ಬಯಲು ಸಮತಟ್ಟಾಗಿದ್ದು ಮಾರ್ಗವು ಅಲ್ಲಿ ನೇರವಾಗುತ್ತಿತ್ತು. ಇದಲ್ಲದೆ ಅದೇ ಮಾರ್ಕ್ವಿಸನು ಮುಂದೆ ನಿಂತು, ೧೮೫೬ರಲ್ಲಿ ಸ್ಟಾಂಫರ್ಡಿನಿಂದ ಎಸೆಂಡೀನ್ ಎಂಬಲ್ಲಿಗೆ ಒಂದು ಕವಲುಮಾರ್ಗ ಹಾಕಿಸಿ ಮುಖ್ಯ ಮಾರ್ಗಕ್ಕೆ ಕೂಡಿಸಲು ನೆರವಾದನು. ಒಬ್ಬನ ಮೇಲೆ ನಿಜವಾದ ಕುಂದೊಂದಿದ್ದರೆ ಜನರು ಅದರೊಡನೆ ಇಲ್ಲದ ಹತ್ತು ಕುಂದುಗಳನ್ನೂ ಹೊರಿಸುತ್ತಾರೆ.

ನಿಜವಾದ ಕುಂದು ಬೇರೆಡೆಯಲ್ಲಿತ್ತು. ಪಟ್ಟಣದ ಉತ್ತರಕ್ಕೆ ಬೇಲಿಯಿಲ್ಲದ ಹೊಲಗಳು ಹಳೆಯ ಪದ್ಧತಿಯಂತೆ ಪಟ್ಟೆಪಟ್ಟೆಯಾಗಿ ಹಂಚಿಹೋಗಿದ್ದುವು. ಪೈರು ಕೊಯ್ದ ಮೇಲೆ ಅಲ್ಲಿ ದನ ಮೇಯಿಸುವ ಹಕ್ಕು ಊರವರಿಗಿತ್ತು. ಇಂಥ ಭೂಮಿಯನ್ನು ವಿಭಾಗಿಸಿ ಗಡಿ ಕಟ್ಟಿಕೊಡದೆ ಅದರ ಮೇಲೆ ಮನೆ ಕಟ್ಟುವಂತಿಲ್ಲ. ಇಂಗ್ಲೆಂಡಿನ ಬಹುತೇಕ ಊರುಗಳಲ್ಲಿ ಈ ವಿಭಾಗವು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿಯೇ ಮುಗಿದಿತ್ತು. ಸ್ಟಾಂಫರ್ಡಿನಲ್ಲಿ ಅದು ೧೮೭೦ರ ದಶಕದ ವರೆಗೂ ಆಗಲಿಲ್ಲ. ಹೊಸ ಮನೆಗಳೆದ್ದರೆ ಹೊಸ ಮತದಾರರು ಬರುವರು; ಅವರು ಅರಮನೆಯ ಬಾಡಿಗೆದಾರರಾಗಿರುವುದಿಲ್ಲ. ಈ ಲೆಕ್ಕಾಚಾರದಿಂದಲೇ ಮಾರ್ಕ್ವಿಸನು ವಿಭಾಗಕ್ಕೆ ಸಮ್ಮತಿಸಲಿಲ್ಲವೆಂದು ಅವನ ವಿರೋಧಿಗಳು ಆಗಲೇ ಆಡಿದರು. ಈಚಿನ ಚರಿತ್ರಕಾರರಲ್ಲಿಯೂ ಅನೇಕರದು ಅದೇ ಅಭಿಪ್ರಾಯ. ಊರು ಹೊರಗೆ ಬೆಳೆಯಲಾರದೆ ಒಳಗೊಳಗೇ ಒತ್ತೊತ್ತಾಗಿ ತುಂಬಿತು. ದೊಡ್ಡ ಮನೆಗಳ ಹಿತ್ತಿಲುಗಳಲ್ಲಿ ಬಡವರ ಗೂಡುಗಳು ಎದ್ದುವು. ಮರ್ಕ್ಯುರಿಯ ಒಡೆಯನಾಗಿದ್ದ ರಿಚರ್ಡ್ ನ್ಯೂಕೊಂಬ್ ಎಂಬ ಧನಿಕನು ಅರಮನೆಯ ಎದುರಾಳಿ. ಅವನು ತನ್ನ ಸ್ವಂತ ನೆಲದಲ್ಲಿ ೧೮೪೦ರ ದಶಕದ ಆರಂಭದಲ್ಲಿ ಸಾಲುಮನೆಗಳನ್ನೂ ತನಗೊಂದು ಭವನವನ್ನೂ ಕಟ್ಟಿಸಿ, ಮನೆ ಕಟ್ಟುವುದನ್ನೇ ಒಂದು ಬಗೆಯ ರಾಜಕೀಯ ಯುದ್ಧವನ್ನಾಗಿ ಮಾಡಿದನು. ಒಬ್ಬನಿಂದ ಎಷ್ಟಾದೀತು? ಕೆಲಸಗಾರರು ರೈಲಿನ ಕಾರ್ಯಾಗಾರಗಳಿದ್ದ ಪೀಟರ್‌ಬರೋವಿಗೆ ಹೋದರು. ರೈಲು ಬರುವ ಮೊದಲು ಸ್ಟಾಂಫರ್ಡಿಗಿಂತ ದೊಡ್ಡದೇನೂ ಆಗಿರದಿದ್ದ ಆ ಪಟ್ಟಣವು ನೋಡನೋಡುತ್ತಿರುವಂತೆಯೇ ಅದನ್ನು ಮೀರಿ ನಗರವಾಗಿ ಬೆಳೆಯಿತು. ಇತ್ತ ಹೆದ್ದಾರಿಯ ಗಾಡಿಗಳು ನಿಂತುಹೋದುವು, ವಸತಿಗೃಹಗಳು ಬರಿದಾದುವು, ನಾಟಕಶಾಲೆಯೂ ೧೮೭೧ರಲ್ಲಿ ಮುಚ್ಚಿತು.

೧೮೭೨ರಲ್ಲಿ ರಹಸ್ಯಮತದಾನದ ಶಾಸನವಾಯಿತು. ೧೮೮೦ರಲ್ಲಿ ಬಜಾರ್ಡ್ ಎಂಬ ಲಿಬರಲ್ ಪಕ್ಷದ ವಕೀಲನು ಸ್ಟಾಂ‌ಫರ್ಡಿನಲ್ಲಿ ಗೆದ್ದನು. ಆದರೆ ಊರವರ ಕೈಗೆ ಮತವು ಬರುವಷ್ಟರಲ್ಲಿ ಕ್ಷೇತ್ರವೇ ಕೈಬಿಟ್ಟುಹೋಯಿತು. ೧೮೬೮ರಲ್ಲಿಯೇ ಎರಡು ಸ್ಥಾನಗಳಲ್ಲಿ ಒಂದು ಹೋಗಿತ್ತು. ೧೮೮೫ರಲ್ಲಿ ಉಳಿದದ್ದೂ ವಿಶಾಲವಾದ ಗ್ರಾಮಾಂತರ ಕ್ಷೇತ್ರದಲ್ಲಿ ಲೀನವಾಯಿತು.

ಇಷ್ಟು ನಷ್ಟಗಳಾದ ಮೇಲೆ ಉಳಿದುದೇನೆಂದರೆ ಪಟ್ಟಣದ ಕಟ್ಟಡಗಳು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಲು ಹಣವೂ ಇರಲಿಲ್ಲ, ಅವಸರವೂ ಇರಲಿಲ್ಲ. ಇತರ ನಗರಗಳು ಇಟ್ಟಿಗೆಯ ಕಾರ್ಖಾನೆಗಳ ಕೆಳಗೆ ತಮ್ಮ ಹಳೆಯ ಬೀದಿಗಳನ್ನು ಹೂತುಹಾಕಿದ ಕಾಲದಲ್ಲಿ ಸ್ಟಾಂಫರ್ಡ್ ಹಾಗೆಯೇ ಇದ್ದಿತು. ೧೯೬೦ರಲ್ಲಿ ಹೆದ್ದಾರಿಗೆ ಊರ ಹೊರಗೆ ಹೊಸ ದಾರಿಯಾಗಿ ಮೋಟಾರುಗಳ ಹಾವಳಿಯೂ ತಪ್ಪಿತು. ೧೯೬೭ರಲ್ಲಿ ಪ್ರಾಚೀನ ಊರುಭಾಗಗಳನ್ನು ಸಂರಕ್ಷಿಸುವ ಶಾಸನವು ಬಂದಾಗ, ಇಡೀ ಇಂಗ್ಲೆಂಡಿನಲ್ಲಿ ಮೊಟ್ಟಮೊದಲು ಸಂರಕ್ಷಿತವೆಂದು ಘೋಷಿತವಾದದ್ದು ಸ್ಟಾಂಫರ್ಡ್. ಕಾನೂನಿನ ರಕ್ಷಣೆಗೆ ಒಳಪಟ್ಟ ಕಟ್ಟಡಗಳು ಅಲ್ಲಿ ಆರು ನೂರಕ್ಕೆ ಮೇಲ್ಪಟ್ಟಿವೆ. ೧೯೯೪ರಲ್ಲಿ ಜಾರ್ಜ್ ಎಲಿಯಟ್ಟಳ ‘ಮಿಡ್ಲ್‌ಮಾರ್ಚ್’ ಕಾದಂಬರಿಯನ್ನು ದೂರದರ್ಶನಕ್ಕೆ ಅಳವಡಿಸಿದವರು, ೧೮೩೦ರ ಸುಮಾರಿನ ಇಂಗ್ಲಿಷ್ ಪೇಟೆಯೊಂದು ಬೇಕಾದಾಗ ಇಲ್ಲಿಗೇ ಬಂದರು. ಆ ಕಾದಂಬರಿಯಲ್ಲಿ ಬರುವುದೂ ಸುಧಾರಣಾ ಶಾಸನದ ಕಾಲದ ಚುನಾವಣೆ, ಪತ್ರಿಕೆ, ರೈಲು ಇವುಗಳ ಗದ್ದಲವೇ ಆಗಿರುವುದು ಗಮನಾರ್ಹ.

ಸಂಸ್ಥೆಗಳಲ್ಲಿಯೂ ಬಹಳವು ರೂಪ ಬದಲಿಸಿಕೊಂಡು ಬಾಳುತ್ತಿವೆ. ಮುಚ್ಚಿದ್ದ ನಾಟಕಶಾಲೆಯು ೧೯೭೮ರಲ್ಲಿ ಕಲಾಮಂದಿರವಾಗಿ ಮರಳಿ ತೆರೆಯಿತು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಂಬಸಾಲಿನಿಂದ ಕಟ್ಟಿದ ಮಾಂಸದಂಗಡಿಯು ೧೯೦೬ರಲ್ಲಿ ಸಾರ್ವಜನಿಕ ಪುಸ್ತಕಭಂಡಾರವಾಯಿತು. ಬ್ರೌನನ ಧರ್ಮಶಾಲೆಯ ಮುಂದಿನ ಅಗಲಬೀದಿಯಲ್ಲಿ ಶುಕ್ರವಾರದ ಸಂತೆಯು ಈಗಲೂ ಕೂಡುತ್ತದೆ. ಮರ್ಕ್ಯುರಿಯೂ ವಾರಕ್ಕೊಮ್ಮೆ ಹೊರಡುತ್ತಲೇ ಇದೆ, ಆದರೆ ಅದರ ಒಡೆತನವು ನ್ಯೂಕೊಂಬರ ಕಾಲದಂತೆ ಊರವರಲ್ಲಿಲ್ಲ. ಸೆಸಿಲ್ ಮನೆತನದ ಆರನೆಯ ಮಾರ್ಕ್ವಿಸನು, ೧೯೨೮ರ ಒಲಿಂಪಿಕ್ ಪಂದ್ಯದಲ್ಲಿ ೪೦೦ ಮೀಟರ್ ಅಡೆತಡೆ ಓಟವನ್ನು ಗೆದ್ದವನು, ೧೯೬೯ರಲ್ಲಿ ಬರ್ಲೀ ಅರಮನೆಯನ್ನೂ ಅದರ ಭೂಮಿಯನ್ನೂ ಒಂದು ಧರ್ಮನಿಧಿಗೆ ಒಪ್ಪಿಸಿದನು. ಪಟ್ಟಣದ ಒಳಗೂ ಹೊರಗೂ ಅನೇಕ ಮನೆಗಳು ಈಗ ಆ ನಿಧಿಗೆ ಸೇರಿವೆ. ಅವುಗಳಲ್ಲಿರುವವರು ಬಾಡಿಗೆಯನ್ನು ಅದಕ್ಕೇ ಸಲ್ಲಿಸುತ್ತಾರೆ.